ಕರ್ತೃ ಇಲ್ಲದ ವಾಕ್ಯ

ಕಣ್ಣು ಮುಚ್ಚಿಕೊಳ್ಳಬೇಕಾದ ಆ ಎರಡು ನಿಮಿಷಗಳಲ್ಲಿ ಅವಳು ಒಂದು ದಿನವೂ ಕಣ್ಣು ಮುಚ್ಚಿದವಳಲ್ಲ. ಪಾದ್ರಿಗಳು ಕಟ್ಟಿ, ಪಾದ್ರಿಗಳೇ ನಡೆಸುತ್ತಿದ್ದ ವಿಶ್ವವಿದ್ಯಾಲಯ ಅದು. ಶನಿವಾರದ ತರಗತಿ ಮೌನ ಪ್ರಾರ್ಥನೆಯಿಂದ ಶುರುವಾಗಬೇಕು ಎನ್ನುವುದು ಅಲ್ಲಿಯ ಕ್ರಮ. ಮೂರು ವರ್ಷಗಳಿಂದ ಅವಳು ಆ ಮೌನದಲ್ಲಿ ಉಳಿದವರ ರೆಪ್ಪೆಗಳನ್ನು ನೋಡುತ್ತ ಬಂದಿದ್ದಳು. ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯ ರೆಪ್ಪೆ ಸದಾ ಅದುರುತ್ತಿತ್ತು. ನಿವೃತ್ತ ಸೇನಾಧಿಕಾರಿಯದು ಮುಚ್ಚಿದ ಅಂಗಡಿಯ ಬಾಗಿಲಿನ ಹಾಗೆ ಬಿಗಿಯಾಗಿರುತ್ತಿತ್ತು. ಎಲ್ಲರೂ ನಾಯಕತ್ವ ಎನ್ನುವ ವಿಷಯದಲ್ಲಿ ಡಾಕ್ಟರೇಟ್ ಪಡೆಯಲು ಬಂದವರು, ಎಲ್ಲರೂ ಎಲ್ಲೋ ಒಂದು ಕಡೆ ನಾಯಕರೇ. ಅವಳು ಆಸ್ಪತ್ರೆಯೊಂದರ ಶುದ್ಧೀಕರಣ ವಿಭಾಗದ ಮೇಲ್ವಿಚಾರಕಿ; ಶಸ್ತ್ರಚಿಕಿತ್ಸೆಯ ಕತ್ತರಿ, ಚಿಮಟಗಳನ್ನು ತೊಳೆದು, ಟ್ರೇಗಳಲ್ಲಿ ಜೋಡಿಸಿ, ಬಟ್ಟೆ ಸುತ್ತಿ, ಹಬೆಯ ಯಂತ್ರದಲ್ಲಿ ಬೇಯಿಸಿ ಆಪರೇಷನ್ ಥಿಯೇಟರಿಗೆ ಕಳಿಸುವ ಹನ್ನೊಂದು ಜನರಿಗೆ ಹಿರಿಯಳು. ಮೊದಲ ದಿನ ಪರಿಚಯ ಹೇಳಿಕೊಂಡಾಗ ಸೇನಾಧಿಕಾರಿ, "ಓಹೋ, ಪಾತ್ರೆ ತೊಳೆಯೋ ಡಿಪಾರ್ಟ್‌ಮೆಂಟು ಅನ್ನಿ" ಎಂದಿದ್ದ. ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ಐವತ್ತೊಂದು ವರ್ಷದ ಅವಳ ಕೆನ್ನೆಯಲ್ಲಿ ಆ ನಗು ಇನ್ನೂ ಹಲ್ಲಿನ ಸಂದಿಯ ನಾರಿನ ಹಾಗೆ ಸಿಕ್ಕಿಕೊಂಡೇ ಇತ್ತು.

ಇವತ್ತು ಮಾತ್ರ ಅವಳ ಕಣ್ಣು ಯಾರ ರೆಪ್ಪೆಯ ಮೇಲೂ ಇರಲಿಲ್ಲ. ಮಾರ್ಗದರ್ಶಕ ಪಾದ್ರಿಯ ಮೇಜಿನ ಮೇಲೆ ತನ್ನ ಅಧ್ಯಾಯದ ಹಾಳೆಗಳು ಕೂತಿದ್ದವು, ಅವುಗಳಲ್ಲಿ ಒಂದರ ಮೂಲೆ ಮಡಿಸಿತ್ತು. ಮಡಿಸಿದ ಹಾಳೆ ಯಾವುದು ಎಂದು ಅವಳಿಗೆ ಅಲ್ಲಿಂದಲೇ ಗೊತ್ತಾಯಿತು. ಗೊತ್ತಾಯಿತಲ್ಲ ಎನ್ನುವುದೇ ಅವಳನ್ನು ಹೆಚ್ಚು ಕಾಡಿತು. ಅವಳ ಪ್ರಬಂಧ ತಪ್ಪುಗಳ ಬಗ್ಗೆ: ಕೆಲಸದಲ್ಲಿ ತಪ್ಪಾದಾಗ ಕೈಕೆಳಗಿನವರು ಯಾವ ಮೇಲಿನವರ ಹತ್ತಿರ ಬಂದು ಒಪ್ಪಿಕೊಳ್ಳುತ್ತಾರೆ, ಯಾರ ಹತ್ತಿರ ಮುಚ್ಚಿಡುತ್ತಾರೆ, ಯಾಕೆ. ವಿಷಯ ಕೇಳಿದವರೆಲ್ಲ ಬಹಳ ಒಳ್ಳೆಯ ವಿಷಯ ಎಂದಿದ್ದರು. ಇಪ್ಪತ್ತೆರಡು ಜನರ ಮಾತು ಧ್ವನಿಮುದ್ರಿಸಿಕೊಂಡಿದ್ದಳು. ಉಳಿದಿದ್ದದ್ದು 'ಸಂಶೋಧಕಿಯ ನಿಲುವು' ಎಂಬ ಸಣ್ಣ ಅಧ್ಯಾಯ, ಬರೆಯುವವಳು ತಾನು ಯಾರು, ಈ ವಿಷಯದ ಹತ್ತಿರ ಎಲ್ಲಿಂದ ಬಂದೆ ಎಂದು ಹೇಳಿಕೊಳ್ಳಬೇಕಾದ ಅಧ್ಯಾಯ. ಅದನ್ನು ಅವಳು ಒಂದೇ ಭಾನುವಾರದಲ್ಲಿ ಬರೆದು ಮುಗಿಸಿದ್ದಳು.

ತರಗತಿ ಮುಗಿದ ಮೇಲೆ ಪಾದ್ರಿ ಅವಳನ್ನು ತಮ್ಮ ಕೋಣೆಗೆ ಕರೆದರು. ಎಪ್ಪತ್ತು ದಾಟಿದ ಮನುಷ್ಯ. ಕಿವಿಯ ಯಂತ್ರ ಆಗಾಗ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು, ಅವರು ಅದನ್ನು ಬೆರಳಿನಿಂದ ತಟ್ಟಿ ಸುಮ್ಮನಾಗಿಸುತ್ತಿದ್ದರು. ಮಡಿಸಿದ ಹಾಳೆ ಬಿಡಿಸಿ ಅವಳ ಕಡೆ ತಳ್ಳಿದರು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು.

"ಈ ಲಾಯಿತು ಅನ್ನೋರು ಯಾರು?"

"ಯಾರು ಫಾದರ್?"

"ಓದಿ, ಗೊತ್ತಾಗತ್ತೆ."

ಅವಳು ಓದಿದಳು: 'ಒಮ್ಮೆ ವಿಭಾಗದಲ್ಲಿ ಒಂದು ಲೋಪ ಸಂಭವಿಸಿತು. ಸಂಬಂಧಪಟ್ಟ ಉದ್ಯೋಗಿಯನ್ನು ದಂಡಿಸದೆ ಬೇರೆ ವಿಭಾಗಕ್ಕೆ ವರ್ಗಾಯಿಸಲಾಯಿತು. ಆ ಮೂಲಕ ಆಕೆಯ ಘನತೆಯನ್ನು ಕಾಪಾಡಲಾಯಿತು.'

"ನಾವು ಓದೋವಾಗ ವ್ಯಾಕರಣದ ಮೇಷ್ಟ್ರು ಬೆತ್ತ ಹಿಡ್ಕೊಂಡೇ ಕೇಳೋರು, ಕರ್ತೃ ಎಲ್ಲಪ್ಪಾ ಅಂತ," ಎಂದರು ಪಾದ್ರಿ. "ಇಲ್ಲಿ ಲೋಪ ತಾನಾಗೇ ಸಂಭವಿಸ್ತು. ವರ್ಗಾವಣೆ ತಾನಾಗೇ ಆಯ್ತು. ಘನತೆ ಕೂಡ ತನ್ನನ್ನ ತಾನೇ ಕಾಪಾಡ್ಕೊಂಡ್ತು. ಇಷ್ಟೆಲ್ಲ ಕೆಲಸ ಮಾಡಿರೋ ಲಾಯಿತು ಅವರನ್ನ ನಾನೊಂದ್ಸಲ ನೋಡಬೇಕು."

"ಪ್ರಬಂಧದ ಭಾಷೆ ಹಾಗೇ ಇರಬೇಕು ಅಂತ ಕೈಪಿಡಿಯಲ್ಲಿದೆ ಫಾದರ್."

"ಇದೆ. ಆ ಕೈಪಿಡಿ ಬರೆದವರಲ್ಲಿ ನಾನೂ ಒಬ್ಬ." ಅವರು ನಗಲಿಲ್ಲ. "ಇಪ್ಪತ್ತೆರಡು ಜನರನ್ನ ಮಾತಾಡಿಸಿದೀರಿ. ಈ ಉದ್ಯೋಗಿನ ಮಾತಾಡಿಸಿದೀರಾ?"

"ಇಲ್ಲ."

"ಎಲ್ಲಿದಾರೆ ಈಗ?"

"ನಮ್ಮ ಆಸ್ಪತ್ರೆಯಲ್ಲೇ. ಲಾಂಡ್ರಿಯಲ್ಲಿ."

"ಹಾಗಾದ್ರೆ ಇಪ್ಪತ್ಮೂರನೆಯವರು ಅವರೇ," ಎಂದು ಪಾದ್ರಿ ಹಾಳೆಗಳನ್ನು ಜೋಡಿಸಿ ಕೊಟ್ಟರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹಾಳೆಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನಾನು ಸುಳ್ಳು ಬರೆದಿಲ್ಲ ಎಂದುಕೊಂಡಳು. ಒಂಬತ್ತು ವರ್ಷಗಳ ಹಿಂದೆಯೂ ಅವಳು ಸುಳ್ಳು ಹೇಳಿರಲಿಲ್ಲ. ಆ ದಿನ ಊರಾಚೆ ಬಸ್ಸೊಂದು ಮಗುಚಿಬಿದ್ದು ನಾಲ್ಕೂ ಥಿಯೇಟರುಗಳು ಒಟ್ಟಿಗೆ ನಡೆಯುತ್ತಿದ್ದವು. ಆಗಿನ್ನೂ ಹಳೆಯ ಯಂತ್ರ, ಒಂದೇ ಬಾಗಿಲು. ಅದರ ಎಡಕ್ಕೊಂದು ಗಾಡಿ, ಬಲಕ್ಕೊಂದು ಗಾಡಿ. ಎಡದ್ದು ಇನ್ನೂ ಬೇಯಬೇಕಾದ ಟ್ರೇಗಳದ್ದು, ಬಲದ್ದು ಬೆಂದು ಬಂದದ್ದು. ದೊಡ್ಡಕ್ಕ ಊಟಕ್ಕೆ ಹೋಗಿದ್ದರು. ವಿಭಾಗದ ಹಿರಿಯ ಕೆಲಸಗಾರ್ತಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ದೊಡ್ಡಕ್ಕ ಎಂದೇ. ಮೇಲಿನಿಂದ ಫೋನಿನ ಮೇಲೆ ಫೋನು, ಒಂದೇ ಒಂದು ಟ್ರೇ ಬೇಕು, ಈಗಲೇ ಬೇಕು. ಅವಳು ಒಂದು ಕೈಯಲ್ಲಿ ಫೋನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಗಾಡಿಯಿಂದ ಟ್ರೇ ಎತ್ತಿ, ಸಾಮಾನು ಒಯ್ಯುವ ಸಣ್ಣ ಲಿಫ್ಟಿನ ಒಳಮೂಲೆಗೆ ಸರಿಸಿ, ಇನ್ನೊಂದು ಕರೆ ಬಂತೆಂದು ತನ್ನ ಕೋಣೆಗೆ ಓಡಿದಳು. ಅಷ್ಟರಲ್ಲಿ ದೊಡ್ಡಕ್ಕ ಬಂದು ಬಲದ ಗಾಡಿಯಿಂದ ನಾಲ್ಕು ಟ್ರೇ ಇಟ್ಟು ಲಿಫ್ಟ್ ಕಳಿಸಿದರು. ಪ್ರತಿ ಟ್ರೇಯ ಒಳಗೂ ಒಂದು ಕಾಗದದ ಪಟ್ಟಿ ಇರುತ್ತದೆ, ಚೆನ್ನಾಗಿ ಬೆಂದರೆ ಅದು ಕಪ್ಪಾಗುತ್ತದೆ. ಥಿಯೇಟರಿನಲ್ಲಿ ಒಂದು ಟ್ರೇ ಬಿಚ್ಚಿದಾಗ ಪಟ್ಟಿ ಹಾಲಿನ ಬಣ್ಣದಲ್ಲೇ ಇತ್ತು. ಅರಿವಳಿಕೆ ಕೊಟ್ಟು ಮಲಗಿಸಿದ ರೋಗಿ ನಲವತ್ತು ನಿಮಿಷ ಕಾಯಬೇಕಾಯಿತು. ರೋಗಿಗೆ ಏನೂ ಆಗಲಿಲ್ಲ. ಮರುದಿನ ವಿಚಾರಣೆಯ ಮೇಜಿನ ಆಚೆ ಕೂತ ಮೂವರು, ಆ ಲಿಫ್ಟ್ ಕಳಿಸಿದ್ದು ಯಾರು ಎಂದು ಕೇಳಿದರು. "ದೊಡ್ಡಕ್ಕ" ಎಂದಳು ಅವಳು. ಒಂದಕ್ಷರ ಸುಳ್ಳಿರಲಿಲ್ಲ. ತನ್ನ ಕೈ ಎಡದ ಗಾಡಿಗೆ ಹೋಗಿತ್ತು ಎನ್ನುವುದು ಅವಳಿಗೆ ಹಿಂದಿನ ಸಂಜೆಯೇ, ಮನೆಯ ಬೀಗ ತೆಗೆಯುವಾಗ, ಬಲಗೈಯಲ್ಲಿ ಚೀಲ ಇದ್ದದ್ದರಿಂದ ಎಡಗೈಯಲ್ಲಿ ಕೀಲಿ ತಿರುಗಿಸುವಾಗ, ಇದ್ದಕ್ಕಿದ್ದಂತೆ ಗೊತ್ತಾಗಿತ್ತು. ಆ ಮೂವರು ಅದನ್ನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಒಂಬತ್ತು ವರ್ಷ ಅಂದುಕೊಂಡಿದ್ದಾಯಿತು. ಕಂಡಕ್ಟರು ಎರಡನೆಯ ಸಲ ಕೂಗಿದಾಗ ತನ್ನ ನಿಲ್ದಾಣ ದಾಟಿಹೋಗಿತ್ತು.

ಭಾನುವಾರ ಅತ್ತೆ ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ, "ಡಾಕ್ಟರಮ್ಮ ಯಾವಾಗ ಆಗ್ತೀಯೆ? ಈ ಮಂಡಿಗೊಂದು ಚೀಟಿ ಬರೆದುಕೊಟ್ಟುಬಿಡು" ಎಂದರು.

"ಅದು ಆ ಡಾಕ್ಟರ್ ಅಲ್ಲ ಅತ್ತೆ."

"ಮಂಡಿಗಾಗದ ಡಾಕ್ಟರು ಇನ್ಯಾತಕ್ಕೆ," ಎಂದು ಅತ್ತೆ ಇನ್ನೊಂದು ಕಾಲು ಚಾಚಿದರು.

ಮನೆಗಳ ನಕ್ಷೆ ಬಿಡಿಸುವ ಗಂಡ ತನ್ನ ಮೇಜಿನಿಂದ ತಲೆ ಎತ್ತದೆ, ಒಂದೆರಡು ವಾಕ್ಯ ತಾನೇ, ಕಷ್ಟವಾದರೆ ತೆಗೆದುಹಾಕು ಎಂದ. ಪೂರ್ತಿ ಕಥೆ ಅವನಿಗೂ ಗೊತ್ತಿರಲಿಲ್ಲ. ಅವಳು ಕಂಪ್ಯೂಟರಿನಲ್ಲಿ ಆ ಮೂರೂ ವಾಕ್ಯಗಳನ್ನು ತೆಗೆದಳು. ಕೆಳಗಿನ ಸಾಲುಗಳು ಮೇಲೆ ಬಂದು ಕೂತವು. ನೀರಿನ ಮೇಲೆ ಎಳೆದ ಗೆರೆ ಕೂಡಿಕೊಂಡ ಹಾಗೆ ಪುಟ ಕೂಡಿಕೊಂಡಿತು, ಎಲ್ಲಿ ಏನಿತ್ತು ಎನ್ನುವುದರ ಗುರುತೇ ಇಲ್ಲದಷ್ಟು ನಯವಾಗಿ. ಆ ನಯ ನೋಡಿ ಅವಳಿಗೆ ಭಯವಾಯಿತು. ವಾಕ್ಯಗಳನ್ನು ಮತ್ತೆ ವಾಪಸ್ ತಂದಳು.

ಲಾಂಡ್ರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಸೋಮವಾರ ಮಧ್ಯಾಹ್ನ ಅವಳು ಇಳಿದು ಹೋದಾಗ ಒಣಗಿಸುವ ಯಂತ್ರಗಳ ಶಾಖ ಮೊದಲು ಮುಖಕ್ಕೆ ಬಂತು, ಆಮೇಲೆ ಬಟ್ಟೆಯ ಧೂಳಿನ ವಾಸನೆ. ಒಂಬತ್ತು ವರ್ಷಗಳಲ್ಲಿ ಅವಳು ಇಲ್ಲಿಗೆ ಬಂದಿರಲಿಲ್ಲ. ಏನಿದ್ದರೂ ಚೀಟಿ ಕಳಿಸುತ್ತಿದ್ದಳು. ದೊಡ್ಡಕ್ಕ ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಮೇಡಂ ಬಂದ್ರು ನೋಡ್ರೇ, ಡಾಕ್ಟರಾಗೋ ಮೇಡಂ" ಎಂದು ಉಳಿದವರಿಗೆ ತೋರಿಸಿ, ತಾವು ಕೂರುವ ಸ್ಟೂಲನ್ನು ಸೆರಗಿನಿಂದ ಒರೆಸಿ ಮುಂದಿಟ್ಟರು. ಆ ಒರೆಸುವಿಕೆಯನ್ನು ನೋಡಲಾರದೆ ಅವಳು ಕೂಡಲೇ ಕೂತುಬಿಟ್ಟಳು.

ನಿಯಮದಂತೆ ಮೊದಲು ಒಪ್ಪಿಗೆ ಪತ್ರ ಓದಿದಳು. ಹೆಸರಿನ ಬದಲು ಅಕ್ಷರ ಬಳಸಲಾಗುತ್ತದೆ, ಇಷ್ಟವಿಲ್ಲದ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲ, ಯಾವಾಗ ಬೇಕಾದರೂ ನಿಮ್ಮ ಮಾತನ್ನು ಹಿಂತೆಗೆದುಕೊಳ್ಳಬಹುದು. ದೊಡ್ಡಕ್ಕ ಮಕ್ಕಳು ಪಾಠ ಕೇಳುವ ಹಾಗೆ ಕೇಳಿ, ಸಹಿ ಹಾಕಿದರು. ಅವಳು ಫೋನಿನ ಕೆಂಪು ಗುಂಡಿ ಒತ್ತಿ, ಇಪ್ಪತ್ತೆರಡು ಸಲ ಕೇಳಿದ್ದ ಪ್ರಶ್ನೆಯನ್ನೇ ಕೇಳಿದಳು: ಕೆಲಸದಲ್ಲಿ ತಪ್ಪಾದಾಗ ಅದನ್ನು ಮೇಲಿನವರ ಮುಂದೆ ಒಪ್ಪಿಕೊಂಡ ಒಂದು ಸಂದರ್ಭ ಹೇಳಿ.

"ನಿಮಗೆ ಗೊತ್ತಲ್ಲ ಮೇಡಂ, ಆ ಟ್ರೇದು."

"ನೀವೇ ಹೇಳಬೇಕು. ನನಗೆ ಗೊತ್ತಿಲ್ಲ ಅಂದ್ಕೊಂಡು ಹೇಳಿ."

"ನಾನು ನಾಲ್ಕು ಇಟ್ಟೆ ಅಂತ ನನ್ನ ನೆನಪು. ಮೇಲೆ ಹೋಗಿದ್ದು ಐದು. ಆ ಐದನೇದನ್ನ ಯಾವಾಗ ಎತ್ತಿದೆ, ಯಾವ ಗಾಡಿಯಿಂದ ಎತ್ತಿದೆ, ಇವತ್ತಿಗೂ ನೆನಪಾಗಿಲ್ಲ. ಆದ್ರೆ ಲಿಫ್ಟ್ ಕಳಿಸಿದ್ದು ನಾನೇ ತಾನೇ. ಒಪ್ಕೊಂಡೆ." ದೊಡ್ಡಕ್ಕ ಕನ್ನಡಕದ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ಯಾಕೆ ಒಪ್ಕೊಂಡೆ ಅಂತ ತಾನೇ ನಿಮ್ಮ ಪ್ರಶ್ನೆ? ವಿಚಾರಣೇಲಿ ನೀವೂ ಅಲ್ಲಿ ಕೂತಿದ್ರಿ. ಇವಳು ನನ್ನ ಬಿಟ್ಟುಕೊಡಲ್ಲ ಅಂತ ಧೈರ್ಯ ಇತ್ತು. ಹಾಗೇ ಆಯ್ತು, ಕೆಲಸದಿಂದ ತೆಗೀಲಿಲ್ಲ. ಬೇರೆಯವರಾಗಿದ್ರೆ ಮನೆಗೆ ಕಳಿಸೋರು."

ಹಿಂದಿನ ಇಪ್ಪತ್ತೆರಡು ಸಂದರ್ಶನಗಳಲ್ಲಿ ಇಷ್ಟು ಒಳ್ಳೆಯ ಮಾತು ಯಾರೂ ಆಡಿರಲಿಲ್ಲ. ಅದು ಅವಳಿಗೆ ಹೊಳೆದದ್ದು ನಾಚಿಕೆಗಿಂತ ಮೊದಲು. ಈ ಮಾತನ್ನು ಯಾವ ಅಧ್ಯಾಯದ ತಲೆಯಲ್ಲಿ ಇಡಬಹುದು ಎಂದು ಮನಸ್ಸು ಆಗಲೇ ಜಾಗ ಹುಡುಕುತ್ತಿತ್ತು, ಮದುವೆ ಮನೆಯಲ್ಲಿ ಊಟಕ್ಕೆ ಖಾಲಿ ಎಲೆ ಹುಡುಕುವವರ ಹಾಗೆ. ನಾಚಿಕೆ ಬಂದದ್ದು ಆಮೇಲೆ, ಅದೂ ನಿಧಾನವಾಗಿ, ಕಾಲಿನ ಕಡೆಯಿಂದ. ದೊಡ್ಡಕ್ಕ ಮಾತು ನಿಲ್ಲಿಸಿರಲಿಲ್ಲ. "ಕೆಲಸ ಹೋಗ್ಲಿಲ್ಲ, ನಿಜ. ಆದ್ರೆ ನನ್ನ ಕೈ ಮೇಲೆ ನನಗಿದ್ದ ನಂಬಿಕೆ ಹೋಯ್ತು ಮೇಡಂ. ಒಲೆ ಆರಿಸಿದೀನಾ ಅಂತ ಮೂರು ಸಲ ಎದ್ದು ನೋಡ್ತೀನಿ. ಮೊಮ್ಮಗಳಿಗೆ ಜ್ವರ ಬಂದ್ರೆ ಔಷಧಿ ನಾನು ಕುಡಿಸಲ್ಲ. ಒಂದು ಚಮಚ ಅಂದ್ಕೊಂಡು ಎರಡು ಹಾಕಿ, ಹಾಕಿದ್ದೂ ನೆನಪಿಲ್ಲದೆ ಹೋದ್ರೆ? ಮಗು ಅಳ್ತಾ ಇದ್ರೂ ಸೊಸೆ ಬರೋವರೆಗೆ ಕಾಯ್ತೀನಿ."

ಅವಳು ಕೆಂಪು ಗುಂಡಿ ಒತ್ತಿ ಧ್ವನಿಮುದ್ರಣ ನಿಲ್ಲಿಸಿದಳು.

"ಐದನೇದು ನೀವು ಇಟ್ಟಿದ್ದಲ್ಲ ದೊಡ್ಡಕ್ಕ. ನಾನಿಟ್ಟಿದ್ದು. ನೀವು ಊಟಕ್ಕೆ ಹೋಗಿದ್ರಿ. ಎಡಗಡೆ ಗಾಡಿಯಿಂದ ಎತ್ತಿ ಲಿಫ್ಟಿನ ಮೂಲೆಗೆ ಇಟ್ಟೆ. ನೀವು ಇಟ್ಟಿದ್ದು ನಾಲ್ಕೇ."

ಒಣಗಿಸುವ ಯಂತ್ರ ಸುತ್ತುತ್ತಲೇ ಇತ್ತು. ದೊಡ್ಡಕ್ಕ ಅವಳ ಮುಖವನ್ನು ನೋಡಲಿಲ್ಲ. ಎದ್ದು ಹೋಗಿ ರಾಶಿಯಿಂದ ಒಂದು ಹೊದಿಕೆ ಎಳೆದು, ಮಡಿಸಲು ಎರಡು ಮೂಲೆ ತಾವು ಹಿಡಿದುಕೊಂಡು, ಉಳಿದೆರಡು ಮೂಲೆಗಳನ್ನು ಅವಳ ಕಡೆ ಚಾಚಿದರು. ಅವಳು ಹಿಡಿದಳು. ಇಬ್ಬರೂ ದೂರ ಸರಿದು ಬಟ್ಟೆ ಬಿಗಿ ಮಾಡಿದರು, ಹತ್ತಿರ ಬಂದು ಮೂಲೆಗೆ ಮೂಲೆ ಕೂಡಿಸಿದರು, ಮತ್ತೆ ಸರಿದರು, ಮತ್ತೆ ಬಂದರು. ಹತ್ತಿರ ಬಂದಾಗಲೆಲ್ಲ ಅವಳಿಗೆ ದೊಡ್ಡಕ್ಕನ ಉಸಿರು ಕೇಳುತ್ತಿತ್ತು. ಹೀಗೆ ಏಳು ಹೊದಿಕೆಗಳಾದವು. ಎಂಟನೆಯದನ್ನು ದೊಡ್ಡಕ್ಕ ತೆಗೆದುಕೊಳ್ಳಲಿಲ್ಲ.

"ಯಾವತ್ತು ಗೊತ್ತಾಯ್ತು ನಿಮಗೆ?"

"ಅವತ್ತೇ ಸಂಜೆ."

"ಹಾಗಾದ್ರೆ ವಿಚಾರಣೆ ಹೊತ್ತಿಗೆ ಗೊತ್ತಿತ್ತು."

"ಗೊತ್ತಿತ್ತು."

"ಆ ಕಾಗದದಲ್ಲಿ ಓದಿದ್ರಲ್ಲ, ಆಡಿದ ಮಾತು ವಾಪಸ್ ತಗೋಬಹುದು ಅಂತ. ನಂದು ನನಗೆ ವಾಪಸ್ ಬೇಕು. ಇವಳು ಬಿಟ್ಟುಕೊಡಲ್ಲ ಅಂದೆನಲ್ಲ, ಅದು ಮೊದ್ಲು."

ದೊಡ್ಡಕ್ಕನ ಕಣ್ಣೆದುರೇ ಅವಳು ಫೋನಿನಿಂದ ಅದನ್ನು ಅಳಿಸಿದಳು. ದೊಡ್ಡಕ್ಕ ಕನ್ನಡಕ ಹಾಕಿಕೊಂಡು, ಅಳಿಸಿಹೋದದ್ದನ್ನು ಖಚಿತ ಮಾಡಿಕೊಂಡು, ಬೇರೆ ರಾಶಿಯ ಕಡೆ ಹೋದರು. ಮೆಟ್ಟಿಲು ಹತ್ತುವಾಗ, ಹೇಳಿಬಿಟ್ಟರೆ ಹಗುರವಾಗುತ್ತದೆ ಎಂದು ಜನ ಹೇಳುತ್ತಾರಲ್ಲ, ಅದು ಯಾವಾಗ ಶುರುವಾಗುತ್ತದೆ ಎಂದು ಅವಳು ಕಾದಳು. ಅಂಥದ್ದೇನೂ ಆಗಲಿಲ್ಲ. ಮಂಡಿ ಮಾತ್ರ ನೋಯುತ್ತಿತ್ತು, ಅತ್ತೆಯದರ ಹಾಗೆ.

ಮಂಗಳವಾರ ರಜೆ ಹಾಕಿ ಪಾದ್ರಿಯ ಕೋಣೆಗೆ ಹೋದಳು. ನಡೆದದ್ದನ್ನು ಹೇಳುತ್ತ ಹೇಳುತ್ತ ತನ್ನ ದನಿ ಮೆತ್ತಗಾಗುತ್ತಿರುವುದು, ಕೈಗಳು ತಾವಾಗಿ ಮಡಿಲಲ್ಲಿ ಕೂಡಿಕೊಂಡಿರುವುದು ಅವಳ ಗಮನಕ್ಕೆ ಬಂತು. ಪಾದ್ರಿಯ ಗಮನಕ್ಕೂ ಬಂದಿರಬೇಕು. ಕಿವಿಯ ಯಂತ್ರವನ್ನು ತಟ್ಟಿ ಅವರು ಅಂದರು, "ಈ ಕೋಣೇಲಿ ನಾನು ಮಾರ್ಗದರ್ಶಕ ಅಷ್ಟೇ. ಪಾಪ ನಿವೇದನೆಗೆ ಬೇರೆ ಜಾಗ ಇದೆ, ಬೇರೆ ವೇಳೆ ಇದೆ. ಇಲ್ಲಿ ಪ್ರಬಂಧದ ಮಾತಾಡೋಣ."

ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಆಮೇಲೆ, ವಿಚಿತ್ರವೆಂದರೆ, ಸಮಾಧಾನವಾಯಿತು.

"ಅವರ ಮಾತು ಬಳಸೋ ಹಾಗಿಲ್ಲ. ಅಳಿಸಿದೀನಿ."

"ಸರಿ. ನಿಮ್ಮ ಮಾತು ಉಳಿದಿದೆಯಲ್ಲ. ಅಧ್ಯಾಯ ಹೊಸದಾಗಿ ಬರೀಬೇಕು. ಅದರ ಬೆಳಕಲ್ಲಿ ಉಳಿದ ಇಪ್ಪತ್ತೆರಡನ್ನೂ ಮತ್ತೆ ಓದಬೇಕು, ನಿಮಗೆ ಬೇಕಾದ್ದನ್ನೇ ಎಲ್ಲೆಲ್ಲಿ ಕೇಳಿಸ್ಕೊಂಡಿದೀರಿ ಅಂತ. ಈ ವರ್ಷ ಪದವಿ ಸಿಗಲ್ಲ."

"ಗೊತ್ತು ಫಾದರ್. ಅವರ ಹತ್ರ ಕ್ಷಮೆ ಕೇಳ್ಲಾ?"

"ಕ್ಷಮೆ ಕೇಳಿದ್ರೆ ಅವರು ಉತ್ತರ ಕೊಡಬೇಕಾಗತ್ತೆ. ಇನ್ನೊಂದು ಕೆಲಸ ಹೊರಿಸಿದ ಹಾಗೆ. ಮೊದ್ಲು ನಿಮ್ಮ ಕೈಲಿ ಆಗೋದನ್ನ ಮಾಡಿ."

ಕೈಯಲ್ಲಿ ಆಗುವುದು ಎಂದರೆ ದಾಖಲೆ ತಿದ್ದಿಸುವುದು ಎಂದುಕೊಂಡು ಬುಧವಾರ ಆಸ್ಪತ್ರೆಯ ಆಡಳಿತಾಧಿಕಾರಿಯ ಎದುರು ಕೂತಳು. ಅವಳಿಗಿಂತ ಹದಿನೈದು ವರ್ಷ ಚಿಕ್ಕವನು. ಪೂರ್ತಿ ಕೇಳಿಸಿಕೊಂಡು, ಕಂಪ್ಯೂಟರಿನಲ್ಲಿ ಹುಡುಕಿ, ಏಳು ವರ್ಷ ದಾಟಿದ ವಿಚಾರಣೆಯ ಕಡತಗಳನ್ನೆಲ್ಲ ನಾಶ ಮಾಡಲಾಗಿದೆ ಎಂದ. "ಕಾಗದವೇ ಇಲ್ಲ ಅಂದ್ಮೇಲೆ ತಿದ್ದೋದು ಏನನ್ನ ಮೇಡಂ? ಎಲ್ಲರೂ ಮರೆತಿದಾರೆ. ನಿಮ್ಮ ಹುದ್ದೆಗೂ ಇದು ಒಳ್ಳೇದಲ್ಲ." ಮರೆತಿದ್ದಾರೆ ಎನ್ನುವಾಗ ಅವನ ಮುಖದಲ್ಲಿ ನಿಜವಾದ ಕರುಣೆ ಇತ್ತು. ಅದನ್ನು ತೆಗೆದುಕೊಂಡು ಎದ್ದುಬಿಡುವುದು ಎಷ್ಟು ಸುಲಭ ಎಂದು ಅವಳಿಗೆ ಅನ್ನಿಸಿತು. ಅವನ ಮೇಜಿನಿಂದಲೇ ಒಂದು ಬಿಳಿ ಹಾಳೆ ಕೇಳಿ ಪಡೆದು ಬರೆದಳು. 'ನಾನು ಎಡಗಡೆಯ ಗಾಡಿಯಿಂದ ಟ್ರೇ ಎತ್ತಿದೆ. ನಾನು ಅದನ್ನು ವಿಚಾರಣೆಯಲ್ಲಿ ಹೇಳಲಿಲ್ಲ. ನಾನು ಹೇಳದೆ ಇದ್ದುದರಿಂದ ಒಬ್ಬರನ್ನು ಕೆಳಗೆ ಕಳಿಸಿದರು.' ಮೂರು ವರ್ಷ ಡಾಕ್ಟರೇಟಿಗೆಂದು ಬರೆದದ್ದರಲ್ಲಿ ಇಷ್ಟು ಗಿಡ್ಡ ವಾಕ್ಯಗಳು ಒಂದೂ ಇರಲಿಲ್ಲ. ಅವನು ಅದಕ್ಕೊಂದು ಮುದ್ರೆ ಒತ್ತಿ, ಏನು ಮಾಡುವುದೆಂದು ತಿಳಿಯದೆ ಸದ್ಯಕ್ಕೆ ಒಂದು ಖಾಲಿ ಕಡತದಲ್ಲಿ ಇಟ್ಟ. ಸಂಜೆ ಅವಳು ತನ್ನ ಹನ್ನೊಂದು ಜನರನ್ನು ಕರೆದು ಅದನ್ನೇ ಬಾಯಲ್ಲಿ ಹೇಳಿದಳು. ಒಬ್ಬಳು ಕೈಗವಸು ಕಳಚಿ ಮತ್ತೆ ಹಾಕಿಕೊಂಡಳು. ಮರುದಿನದಿಂದ ಅವರು ಅವಳ ಮುಂದೆ ಸ್ವಲ್ಪ ಕಡಿಮೆ ನಗತೊಡಗಿದರು.

ಮುಂದಿನ ವಾರ, ಬೆಳಗಿನ ಹನ್ನೊಂದರ ಸುಮಾರಿಗೆ, ವಿಭಾಗದ ಬಾಗಿಲಲ್ಲಿ ನೆಲಕ್ಕೆ ಬಳಿದ ಕೆಂಪು ಗೆರೆಯ ಆಚೆ ದೊಡ್ಡಕ್ಕ ನಿಂತಿದ್ದರು. ಗೆರೆ ದಾಟಬೇಕಾದರೆ ಟೋಪಿ, ನಿಲುವಂಗಿ ಹಾಕಬೇಕು. ಅದು ಅವರಿಗೂ ಗೊತ್ತಿತ್ತು. ಅವಳು ತಂದುಕೊಟ್ಟಳು. ದೊಡ್ಡಕ್ಕ ಕೂದಲನ್ನು ಒಂದೆಳೆಯೂ ಬಿಡದೆ ಟೋಪಿಯೊಳಗೆ ಸೇರಿಸಿ ಒಳಗೆ ಬಂದು ಸುತ್ತಲೂ ನೋಡಿದರು.

"ಆ ಮೆಷೀನ್ ಎಲ್ಲಿ?"

"ಹೋಯ್ತು. ಐದು ವರ್ಷ ಆಯ್ತು. ಇದಕ್ಕೆ ಎರಡು ಬಾಗಿಲು. ಈ ಕಡೆ ಹಾಕಿದ್ರೆ ಬೆಂದು ಆ ಕೋಣೆಗೆ ಹೋಗತ್ತೆ."

"ಹಾಗಾದ್ರೆ ಈಗ ತಪ್ಪು ಮಾಡೋಕೆ ಆಗಲ್ಲ."

"ಆಗತ್ತೆ. ಬೇರೆ ಥರ."

ದೊಡ್ಡಕ್ಕ ತಲೆ ಆಡಿಸಿದರು. ಯಂತ್ರದ ಉಕ್ಕಿನ ಮೈ ಮುಟ್ಟಿ ನೋಡಿ ಕೈ ಹಿಂತೆಗೆದುಕೊಂಡರು. "ನಿನ್ನೆ ಮಗುಗೆ ಔಷಧಿ ಕುಡಿಸಿದೆ," ಎಂದರು. "ಒಂದೇ ಚಮಚ, ಎಣಿಸಿ ಹಾಕಿದೆ. ಸೊಸೆ ಬಾಗಿಲಲ್ಲಿ ನಿಂತು ನೋಡ್ತಾ ಇದ್ದಳು." ಟೋಪಿಯ ಅಂಚು ಸರಿಮಾಡಿಕೊಂಡು, "ನನಗೆ ನಿಮ್ಮ ಮೇಲೆ ಸಿಟ್ಟಿದೆ. ಇನ್ನೂ ಎಷ್ಟು ದಿನ ಇರತ್ತೋ ಗೊತ್ತಿಲ್ಲ."

"ಇರಲಿ."

"ಪುಸ್ತಕದಲ್ಲಿ ಬರೀತೀರಾ ಇದನ್ನ?"

"ನನ್ನ ತಪ್ಪನ್ನ ಬರೀತೀನಿ. ನೀವು ಬೇಡ ಅಂದ್ರೆ ನಿಮ್ಮ ಬಗ್ಗೆ ಏನೂ ಬರಲ್ಲ."

"ನಾನಿಲ್ಲದೆ ನಿಮ್ಮ ತಪ್ಪು ಹೇಗೆ ಬರತ್ತೆ? ಅದರಲ್ಲಿ ನಾನು ಯಾರು ಅಂತ ಬರ್ತೀನಿ?"

ಅವಳು ಯೋಚಿಸಿದಳು. ಹೆಸರು ಬರೆಯುವಂತಿರಲಿಲ್ಲ, ನಿಯಮ. "ಒಬ್ಬ ಉದ್ಯೋಗಿ ಅಂತ. ಅಥವಾ ಸಹೋದ್ಯೋಗಿ ಅಂತ."

"ಬೇಡ," ಎಂದರು ದೊಡ್ಡಕ್ಕ. "ನಿಮಗೆ ಕೆಲಸ ಕಲಿಸಿದವಳು ಅಂತ ಬರೀರಿ."

ಇಪ್ಪತ್ನಾಲ್ಕು ವರ್ಷಗಳ ಹಿಂದೆ ಈ ಮೇಜಿನ ಮುಂದೆಯೇ, ಆಗ ಮೇಡಂ ಎನ್ನಿಸಿಕೊಳ್ಳದಿದ್ದ ಅವಳ ಎರಡೂ ಮಣಿಕಟ್ಟುಗಳನ್ನು ಹಿಂದಿನಿಂದ ಹಿಡಿದು, ಟ್ರೇಗೆ ಬಟ್ಟೆ ಸುತ್ತುವುದು ಹೇಗೆಂದು ದೊಡ್ಡಕ್ಕ ತೋರಿಸಿಕೊಟ್ಟಿದ್ದರು: ಕೊನೆಯ ಮಡಿಕೆಯಲ್ಲಿ ಒಂದು ಸಣ್ಣ ಕಿವಿ ಹೊರಗೆ ಬಿಡಬೇಕು ಕಣೇ ಹುಡುಗಿ, ಬಿಚ್ಚೋರಿಗೆ ಹಿಡಿಯೋಕೆ ಸಿಗಬೇಕು. ಪ್ರಬಂಧದ ಜೊತೆ ಕೊಡಬೇಕಾದ ತನ್ನ ವೃತ್ತಿಜೀವನದ ವಿವರದಲ್ಲಿ ಅವಳು ತರಬೇತಿಗಳ ಹೆಸರು ಬರೆದಿದ್ದಳು, ಪ್ರಮಾಣಪತ್ರಗಳ ಹೆಸರು ಬರೆದಿದ್ದಳು. ಇದು ಎಲ್ಲೂ ಇರಲಿಲ್ಲ.

"ಬರೀತೀನಿ," ಎಂದಳು.

ದೊಡ್ಡಕ್ಕ ಟೋಪಿ ತೆಗೆದು, ನಿಲುವಂಗಿ ಕಳಚಿ, ಅಚ್ಚುಕಟ್ಟಾಗಿ ಮಡಿಸಿ ಅವಳ ಕೈಗೆ ಕೊಟ್ಟರು. "ಬರೆದ ಮೇಲೆ ಕೆಳಗೆ ಬಂದು ಓದಿ ಹೇಳಿ. ನಿಮ್ಮ ಪುಸ್ತಕದ ಮಾತಲ್ಲಿ ಬೇಡ. ಮನುಷ್ಯರ ಮಾತಲ್ಲಿ ಹೇಳಿ. ಅಲ್ಲಿ ಮೆಷೀನ್ ಸದ್ದು ಜಾಸ್ತಿ, ಸ್ವಲ್ಪ ಜೋರಾಗೇ ಓದಬೇಕಾಗತ್ತೆ."